ಎರಡು ದಿನ, ಮೂರು ನಿಮಿಷದ ಚಿತ್ರ: ನಮ್ಮ ಸಿನಿಮಾ ಶಿಬಿರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರ ಈ ಮೂರು ಕಡೆ ನಾವು ಕೆಲವು ಗೆಳೆಯರು ಸೇರಿ ಎರಡು ದಿನದ ಸಿನಿಮಾ ಶಿಬಿರ ನಡೆಸುತ್ತೇವೆ. ಶನಿವಾರ ಬೆಳಿಗ್ಗೆ 8ಕ್ಕೆ ಶುರು. ಭಾನುವಾರ ರಾತ್ರಿ ಗೋಡೆಗೆ ಬಿಳಿ ಪಂಚೆ ಕಟ್ಟಿ, ಮಾಡಿದ ಚಿತ್ರಗಳನ್ನು ಎಲ್ಲರ ಎದುರು ಹಾಕಿದರೆ ಮುಗಿಯಿತು. ಫೋನ್ ಮಾಡುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಉದ್ದವಾಗಿವೆ. ಎಲ್ಲ ಓದಲು ಪುರುಸೊತ್ತಿಲ್ಲ ಅಂದರೆ ಧ್ವನಿಯ ಬಗ್ಗೆ ಬರೆದಿದ್ದನ್ನಾದರೂ ಓದಿ.

ಎರಡೇ ದಿನದಲ್ಲಿ ಸಿನಿಮಾ ಮಾಡೋದು ಬರುತ್ತದಾ?

ಸಿನಿಮಾ ಅಂದರೆ ಏನೆಲ್ಲ ಇದೆಯೋ ಅದೆಲ್ಲ ಬರುವುದಿಲ್ಲ. ಆದರೆ ಮೂರು ನಿಮಿಷದ ಒಂದು ಚಿತ್ರವನ್ನು ಶುರುವಿನಿಂದ ಕೊನೆಯ ತನಕ ನೀವೇ ಮಾಡಿ ಮುಗಿಸುತ್ತೀರಿ. ನಮಗೆ ಮುಖ್ಯ ಅದೇ.

ಶಿಬಿರಕ್ಕೆ ಬರುವ ಸುಮಾರು ಜನರ ಫೋನ್‌ನಲ್ಲಿ ಅರ್ಧಕ್ಕೆ ನಿಂತ ಚಿತ್ರ ಒಂದಾದರೂ ಇರುತ್ತದೆ. ಶೂಟಿಂಗ್ ಆಗಿದೆ, ಎಡಿಟ್ ಆಗಿಲ್ಲ. ಎಡಿಟ್ ಆಗಿದೆ, ಧ್ವನಿ ಸರಿ ಇಲ್ಲ ಅಂತ ಯಾರಿಗೂ ತೋರಿಸಿಲ್ಲ. ನನ್ನ ಹತ್ತಿರವೂ ಅಂಥವು ಮೂರು ಇದ್ದವು. ಹತ್ತು ಚಿತ್ರ ಶುರು ಮಾಡಿದಾಗ ತಿಳಿಯದಿದ್ದದ್ದು ಒಂದನ್ನು ಮುಗಿಸಿದಾಗ ತಿಳಿಯುತ್ತದೆ. ಯಾಕೆಂದರೆ ಬರೆಯುವಾಗ ಮಾಡಿದ ತಪ್ಪು ಶೂಟಿಂಗ್‌ನಲ್ಲಿ ಕಾಣುತ್ತದೆ. ಶೂಟಿಂಗ್‌ನ ತಪ್ಪು ಎಡಿಟಿಂಗ್‌ನಲ್ಲಿ. ಎಡಿಟಿಂಗ್‌ನ ತಪ್ಪು ಕಾಣುವುದು ನಾಲ್ಕು ಜನ ಕೂತು ನೋಡುವಾಗ. ನಡುವೆ ನಿಲ್ಲಿಸಿದರೆ ಮುಂದಿನ ಪಾಠ ಸಿಗುವುದೇ ಇಲ್ಲ.

ಯಾರು ಬರಬಹುದು?

16 ವರ್ಷ ದಾಟಿದ ಯಾರಾದರೂ. ಮೇಲಿನ ಮಿತಿ ಇಲ್ಲ. ನಿವೃತ್ತ ಮೇಷ್ಟ್ರುಗಳು, ಅಡಿಕೆ ತೋಟದವರು, ಬೋಟಿನ ಕೆಲಸ ಮಾಡುವ ಹುಡುಗರು, ಮದುವೆ ವಿಡಿಯೋ ತೆಗೆಯುವವರು ಎಲ್ಲರೂ ಬಂದಿದ್ದಾರೆ. ಒಂದು ಸಲಕ್ಕೆ 12 ಜನ ಮಾತ್ರ. ನಾಲ್ಕು ನಾಲ್ಕು ಜನರ ಮೂರು ತಂಡ ಮಾಡುತ್ತೇವೆ. ಅದಕ್ಕಿಂತ ಜಾಸ್ತಿ ಆದರೆ ಕೆಲವರು ಸುಮ್ನೆ ನಿಂತು ನೋಡುವವರಾಗುತ್ತಾರೆ. ನಿಂತು ನೋಡುವುದಕ್ಕೆ ಶಿಬಿರ ಬೇಕಿಲ್ಲ.

ನನ್ನ ಹತ್ತಿರ ಕ್ಯಾಮರಾ ಇಲ್ಲ. ಫೋನ್ ಸಾಕಾ?

ಸಾಕು. ಆದರೆ ಫೋನ್ ತನ್ನಷ್ಟಕ್ಕೆ ಮಾಡುವ ಕೆಲವು ಕೆಲಸಗಳನ್ನು ಅದರ ಕೈಯಿಂದ ಕಿತ್ತುಕೊಳ್ಳಬೇಕು.

ಅಡಿಕೆ ತೋಟದೊಳಗೆ ಹೋಗಿ ಫೋನ್ ಹಿಡಿದು ನೋಡಿ. ಮೇಲಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತಿರುತ್ತದೆ. ನಡೆಯುವ ಮನುಷ್ಯ ಬಿಸಿಲಿಗೆ ಬಂದರೆ ಇಡೀ ಚಿತ್ರ ಕಪ್ಪಾಗುತ್ತದೆ, ನೆರಳಿಗೆ ಹೋದರೆ ಬೆಳ್ಳಗಾಗುತ್ತದೆ. ಫೋನ್ ಕ್ಷಣ ಕ್ಷಣಕ್ಕೂ ಬೆಳಕನ್ನು ಸರಿ ಮಾಡಲು ಹೊರಟಿರುತ್ತದೆ. ಪರದೆ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಬೆಳಕು ಮತ್ತು ಫೋಕಸ್ ಎರಡೂ ಲಾಕ್ ಆಗುತ್ತವೆ. ನಾವು ಕಲಿಸುವ ಮೊದಲ ವಿದ್ಯೆ ಇದೇ.

ಎರಡನೆಯದು ಶಟರ್, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮರಾ ಬೆಳಕನ್ನು ಒಳಗೆ ಬಿಡುವ ಹೊತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಕಡಿಮೆ ಬೆಲೆಯ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಕ್ಯಾಮರಾಗೆ ಕಾಣುತ್ತದೆ. ಯಕ್ಷಗಾನದ ವಿಡಿಯೋದಲ್ಲಿ ಮೇಲಿಂದ ಕೆಳಗೆ ಪಟ್ಟೆ ಪಟ್ಟೆ ಹರಿದಾಡುವುದನ್ನು ನೋಡಿರಬೇಕಲ್ವಾ? ಅದು ಇದರದ್ದೇ ಕಾಟ. ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ 50ನೇ ಒಂದು ಭಾಗ ಅಂತ ಇಟ್ಟರೆ ಪಟ್ಟೆ ಹೋಗುತ್ತದೆ. ಓಡಾಟವೂ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಫೋನ್‌ನ ಮಾಮೂಲಿ ಕ್ಯಾಮರಾದಲ್ಲಿ ಇದನ್ನೆಲ್ಲ ಬದಲಾಯಿಸಲು ಬಿಡದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮರಾ ಅನ್ನುವ ಆ್ಯಪ್ ಇದೆ, ದುಡ್ಡಿಲ್ಲ. ಅದು ನಿಮ್ಮ ಫೋನ್‌ಗೆ ಹೊಂದುತ್ತದಾ ಅಂತ ಬರುವ ಮೊದಲೇ ಹಾಕಿ ನೋಡಿ.

ಶೂಟಿಂಗ್ ಹೊತ್ತಿಗೆ ಏರೋಪ್ಲೇನ್ ಮೋಡ್. ಒಳ್ಳೆಯ ಟೇಕ್ ನಡೆಯುತ್ತಿರುವಾಗಲೇ ಮನೆಯಿಂದ ಫೋನ್ ಬರುತ್ತದೆ.

ಮೊದಲ ದಿನ ಏನು ಮಾಡಿಸುತ್ತೀರಿ?

ಭಾಷಣ ಇಲ್ಲ. ಚಹಾ ಕುಡಿದು ನೇರ ಹೊರಗೆ.

ಮೊದಲ ಅಭ್ಯಾಸಕ್ಕೆ 50 ಸೆಕೆಂಡು. 1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕ್ಯಾಮರಾ ಇಟ್ಟಲ್ಲಿಂದ ಅಲುಗಾಡುತ್ತಿರಲಿಲ್ಲ, ಧ್ವನಿ ಇರಲಿಲ್ಲ, ಕಟ್ ಇರಲಿಲ್ಲ. ನೀವೂ ಹಾಗೇ ಮಾಡಬೇಕು. ಒಂದೇ ಜಾಗ, ಟ್ರೈಪಾಡ್ ಮೇಲೆ ಫೋನ್, 50 ಸೆಕೆಂಡು, ಒಂದೇ ಸಲ. ಎಲ್ಲಿ ಇಡಬೇಕು, ಯಾವಾಗ ಒತ್ತಬೇಕು ಇವೆರಡೇ ನಿಮ್ಮ ಕೈಯಲ್ಲಿರುವುದು.

ಕುಮಟಾದ ಶಿಬಿರದಲ್ಲಿ ಒಬ್ಬ ಹುಡುಗಿ ತದಡಿಯಲ್ಲಿ ಅಘನಾಶಿನಿ ಕಡೆಯಿಂದ ದೋಣಿ ಬರುವ ದಕ್ಕೆಯ ಹತ್ತಿರ ಫೋನ್ ಇಟ್ಟಳು. ಅರ್ಧ ಗಂಟೆ ಒತ್ತಲೇ ಇಲ್ಲ, ನೋಡುತ್ತಾ ಕೂತಳು. ಎರಡು ದೋಣಿ ಬಂದು ಹೋದವು. ಮೂರನೆಯದು ದಡದಿಂದ ಇಷ್ಟು ದೂರ ಇರುವಾಗ ಒತ್ತಿದಳು. ಚಿತ್ರದಲ್ಲಿ ಮೊದಲು ಬರೀ ನೀರು. ಆಮೇಲೆ ದೋಣಿಯ ಮೂತಿ ಒಳಗೆ ಬರುತ್ತದೆ. ಜನ ಇಳಿಯುತ್ತಾರೆ, ಒಂದು ಬೈಕು ಇಳಿಯುತ್ತದೆ. ಕೊನೆಗೆ ಒಬ್ಬ ಹೆಂಗಸು ತಲೆ ಮೇಲಿನ ಮೀನು ಬುಟ್ಟಿ ಸರಿ ಮಾಡಿಕೊಳ್ಳುತ್ತಾ ಇಳಿದು, ಕ್ಯಾಮರಾವನ್ನು ಒಂದು ಸಲ ನೋಡಿ, ಮುಖ ತಿರುಗಿಸಿ ಹೋಗುತ್ತಾಳೆ. ಅಲ್ಲಿಗೆ 50 ಸೆಕೆಂಡು. ಅದನ್ನು ಸಂಜೆ ಪಂಚೆ ಮೇಲೆ ಹಾಕಿದಾಗ ಯಾರೂ ಮಾತಾಡಲಿಲ್ಲ.

ಎರಡನೇ ಅಭ್ಯಾಸ ಕೈಕೆಲಸದ್ದು. ಒಬ್ಬರು ಏನಾದರೂ ಕೆಲಸ ಮಾಡುತ್ತಿರಬೇಕು, ನೀವು ಅದನ್ನು ಐದು ಶಾಟಿನಲ್ಲಿ ಹೇಳಬೇಕು. ಕೈ ಮಾತ್ರ ಕಾಣುವ ಶಾಟ್. ಮುಖ ಮಾತ್ರ. ಮುಖ ಮತ್ತು ಕೈ ಎರಡೂ. ಅವರ ಹೆಗಲ ಹಿಂದಿನಿಂದ, ಅವರಿಗೆ ಕಾಣುವಂತೆ. ಕೊನೆಗೆ ಇಡೀ ಜಾಗ.

ಶಿರಸಿಯಲ್ಲಿ ಆಲೆಮನೆ ಹೊತ್ತಿನಲ್ಲಿ ಶಿಬಿರ ಇದ್ದರೆ ತೊಡದೇವು ಅನ್ನುವ ಸಿಹಿ ತಿಂಡಿ ಮಾಡುವ ಮನೆಗೆ ಕರೆದುಕೊಂಡು ಹೋಗುತ್ತೇವೆ. ಇದಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಗಡಿಗೆಯನ್ನು ಒಲೆ ಮೇಲೆ ಬೋರಲು ಹಾಕಿರುತ್ತಾರೆ. ಕಬ್ಬಿನ ಹಾಲು ಸೇರಿಸಿದ ಅಕ್ಕಿ ಹಿಟ್ಟಿನಲ್ಲಿ ಬಟ್ಟೆ ಅದ್ದಿ ಗಡಿಗೆಯ ಬೆನ್ನ ಮೇಲೆ ಒಂದೇ ಸಲ ಎಳೆಯುತ್ತಾರೆ. ಚುರ್ ಅನ್ನುವಷ್ಟರಲ್ಲಿ ಅದು ಕಾಗದದ ಹಾಗೆ ಏಳುತ್ತದೆ, ಮಡಚಿ ತೆಗೆಯಬೇಕು. ಎಲ್ಲ ಸೇರಿ ಕೆಲವೇ ಸೆಕೆಂಡು. ಹೊಸಬರು ಮೊದಲ ಸಲ ಕ್ಯಾಮರಾ ಅತ್ತ ಇತ್ತ ಓಡಿಸಿ ಏನೂ ಸಿಗದೆ ನಿಲ್ಲುತ್ತಾರೆ. ಒಬ್ಬ ಹುಡುಗ "ಸ್ವಲ್ಪ ತಡೀರಿ" ಅಂದಾಗ ಆ ಮನೆಯ ದೊಡ್ಡಮ್ಮ "ಕಾಯ್ತಾ ಕೂತ್ರೆ ಹಿಟ್ಟು ಸುಟ್ಟೋಗ್ತು ತಮಾ" ಅಂದರು. ಅವರು ಯಾರಿಗೂ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆದರೆ ಅವರು ಅದೇ ಕೆಲಸವನ್ನು ನೂರು ಸಲ ಮಾಡುತ್ತಾರೆ. ಒಂದು ತೊಡದೇವಿಗೆ ಕೈಯ ಶಾಟ್, ಮುಂದಿನದಕ್ಕೆ ಮುಖದ ಶಾಟ್. ಹೀಗೆ ಐದು ತೊಡದೇವಿಗೆ ಐದು ಶಾಟ್. ಜೋಡಿಸಿದರೆ ನೋಡುವವರಿಗೆ ಒಂದೇ ತೊಡದೇವು. ಎಡಿಟಿಂಗ್ ಅಂದರೆ ಏನು ಅಂತ ನಾವು ಬಾಯಲ್ಲಿ ಹೇಳಬೇಕಾಗುವುದೇ ಇಲ್ಲ.

ಕಥೆ ಬರೆದುಕೊಂಡು ಬರಬೇಕಾ?

ಬೇಡ. ಬರೆದಿದ್ದರೆ ಮನೆಯಲ್ಲೇ ಇಟ್ಟು ಬನ್ನಿ. ಮೂರು ನಿಮಿಷಕ್ಕೆ ಬೇಕಾದ ಕಥೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಒಂದು ಜಾಗ, ಇಬ್ಬರು, ಒಬ್ಬರಿಗೆ ಏನೋ ಒಂದು ಬೇಕು. ಅಷ್ಟೇ. ಅಡಿಕೆ ಕೊನೆ ಕೊಯ್ಯುವವನು ಇವತ್ತು ಬರುತ್ತೇನೆ ಅಂದಿದ್ದ, ಬಂದಿಲ್ಲ, ಮೋಡ ಕಟ್ಟುತ್ತಿದೆ, ಅಂಗಳದಲ್ಲಿ ಅಪ್ಪ ಮಗ ಇಬ್ಬರೇ. ಇಷ್ಟಿದ್ದರೆ ಮೂರು ನಿಮಿಷ ಸಾಲುವುದಿಲ್ಲ.

ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಚಿತ್ರಕಥೆಯದ್ದು, ಅದಕ್ಕೆ ಅವರದೇ ಅಕ್ಷರದ ಅಳತೆ ಇದೆ. ಕನ್ನಡದಲ್ಲಿ ಬರೆದಾಗ ಅದನ್ನು ನಂಬಬೇಡಿ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ, ನಡೆದಾಡುವ ಕಡೆ ನಡೆದಾಡಿ. ಅದೇ ಸರಿಯಾದ ಲೆಕ್ಕ.

ಮಾತು ನಮ್ಮ ಮನೆ ಭಾಷೆಯಲ್ಲೇ ಇರಬಹುದಾ?

ಇರಲೇಬೇಕು ಅಂತ ನನ್ನ ಆಸೆ. ಹವ್ಯಕ ಕನ್ನಡ, ಕೊಂಕಣಿ, ಹಾಲಕ್ಕಿಗಳ ಕನ್ನಡ ಯಾವುದೂ ಆದೀತು. ಮನೆಯಲ್ಲಿ "ಎಂತ ಮಾಡ್ತೆ" ಅನ್ನುವವರು ಕ್ಯಾಮರಾ ಎದುರು ನಿಂತ ಕೂಡಲೇ "ಏನು ಮಾಡುತ್ತಿರುವೆ" ಅಂದುಬಿಟ್ಟರೆ ಮುಖವೂ ಬಿಗಿಯಾಗುತ್ತದೆ. ಉಳಿದವರಿಗೆ ತಿಳಿಯದಿದ್ದರೆ ಸಬ್‌ಟೈಟಲ್ ಇದೆ. ಎರಡು ಸಾಲಿಗಿಂತ ಜಾಸ್ತಿ ಹಾಕಬೇಡಿ.

ಧ್ವನಿಗೆ ಇಷ್ಟೊಂದು ಹೊತ್ತು ಯಾಕೆ ಕೊಡುತ್ತೀರಿ?

ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಇದು ನನಗೆ ಅರ್ಥವಾಗಿದ್ದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ. ಅಣ್ಣ ತಂಗಿ ಮಾತಾಡುವ ದೃಶ್ಯ. ಸಂಜೆ ಬೆಳಕು ಚೆನ್ನಾಗಿತ್ತು, ಇಬ್ಬರೂ ಚೆನ್ನಾಗಿ ಮಾಡಿದರು. ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಮೈಕಿಗೆ ಗಾಳಿ ಬಡಿದ ಸದ್ದು ಒಮ್ಮೆ ರೆಕಾರ್ಡ್ ಆದರೆ ಅದರ ಕೆಳಗೆ ಸಿಕ್ಕಿದ ಮಾತನ್ನು ಪೂರ್ತಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಆ ಹುಡುಗಿ ಆಗಲೇ ಹುಬ್ಬಳ್ಳಿಗೆ ಹಾಸ್ಟೆಲಿಗೆ ಹೋಗಿ ಆಗಿತ್ತು. ಆ ಚಿತ್ರ ಇವತ್ತಿಗೂ ಹಾಗೇ ಇದೆ. ಮೈಕಿಗೆ ಹಾಕುವ ತುಪ್ಪಳದ ಟೋಪಿ ಒಂದು ಇದ್ದಿದ್ದರೆ ಸಾಕಿತ್ತು. ಅವತ್ತಿನಿಂದ ಧ್ವನಿಗೆ ಅರ್ಧ ದಿನ ಕೊಡುತ್ತೇನೆ.

ಆ ಅರ್ಧ ದಿನದಲ್ಲಿ ಕಲಿಸುವುದು ಇಷ್ಟು. ಮೈಕು ಬಾಯಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ದೂರ ಅರ್ಧ ಮಾಡಿದರೆ ಮಾತಿನ ಬಲ ಸುಮಾರು 6 ಡೆಸಿಬಲ್ ಏರುತ್ತದೆ, ಸುತ್ತಲಿನ ಸದ್ದು ಏರುವುದಿಲ್ಲ. ಬೆಲೆ ಬಾಳುವ ಮೈಕನ್ನು ಹತ್ತು ಅಡಿ ದೂರ ಇಡುವುದಕ್ಕಿಂತ, ಇನ್ನೊಂದು ಫೋನ್‌ನಲ್ಲಿ ರೆಕಾರ್ಡರ್ ಒತ್ತಿ ಅಂಗಿ ಜೇಬಿನಲ್ಲಿ ಇಡುವುದೇ ಮೇಲು. ಎರಡನ್ನೂ ಆಮೇಲೆ ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ. ಚಪ್ಪಾಳೆಯನ್ನು ಮೈಕಿನ ಹತ್ತಿರವೇ ಹೊಡೆಯಿರಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ 14 ಮೀಟರ್ ದೂರ ಆದರೆ ಒಂದು ಫ್ರೇಮು ತಡ.

ರೆಕಾರ್ಡಿಂಗ್ ಮಟ್ಟ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಸುತ್ತ ಇರಲಿ, ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ. ಚಂಡೆ ಇರುವ ಕಡೆ ಇನ್ನೂ ಕೆಳಗೆ. ಮದ್ದಳೆ ಕೇಳಿ ಮಟ್ಟ ಇಟ್ಟುಕೊಂಡವರು ಚಂಡೆಯ ಮೊದಲ ಪೆಟ್ಟಿಗೇ ಕೆಡುತ್ತಾರೆ.

ಇನ್ನು ನಮ್ಮ ಕಡೆಯ ಎರಡು ತೊಂದರೆಗಳು. ಕಡಲ ಬದಿಯಲ್ಲಿ ಅಲೆ. ಅಲೆ ಏರುತ್ತದೆ, ಒಡೆಯುತ್ತದೆ, ಹಿಂದೆ ಸರಿಯುತ್ತದೆ. ಮಾತಿನ ನಡುವೆ ಕಟ್ ಮಾಡಿದರೆ ಏರುತ್ತಿದ್ದ ಅಲೆ ತಟ್ಟನೆ ಮಾಯ. ಮುಖಗಳು ಸರಿಯಾಗಿ ಜೋಡಿಸಿದಂತೆ ಕಂಡರೂ ಕಿವಿಗೆ ಹರಿದ ಬಟ್ಟೆಯ ಹಾಗೆ ಇರುತ್ತದೆ. ಮಾತನ್ನು ಅಲೆಯಿಂದ ದೂರ, ಗಾಳಿ ಮರಗಳ (ಸರ್ವೆ ಮರ) ಮರೆಯಲ್ಲಿ ರೆಕಾರ್ಡ್ ಮಾಡಿ. ಅಲೆಯನ್ನು ಬೇರೆಯಾಗಿ ಐದು ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಅದನ್ನು ಉದ್ದಕ್ಕೂ ಕೆಳಗೆ ಹಾಸಿ. ಘಟ್ಟದ ಮೇಲೆ ಜೀರುಂಡೆ. ಸಂಜೆ ಹೊತ್ತಿಗೆ ಅದರ ಸದ್ದು ಹತ್ತು ನಿಮಿಷದಲ್ಲಿ ಎಷ್ಟು ಏರುತ್ತದೆ ಅಂದರೆ, ದೃಶ್ಯದ ಮೊದಲ ಶಾಟ್ ಮತ್ತು ಕೊನೆಯ ಶಾಟ್ ಬೇರೆ ಬೇರೆ ಊರಿನದ್ದು ಅನಿಸುತ್ತದೆ. ಅದಕ್ಕೇ ಪ್ರತಿ ಜಾಗದಲ್ಲೂ ಎಲ್ಲರೂ ಬಾಯಿ ಮುಚ್ಚಿ ನಿಂತು ಒಂದು ನಿಮಿಷ ಆ ಜಾಗದ ಸದ್ದನ್ನಷ್ಟೇ ಹಿಡಿಯುತ್ತೇವೆ. ಮೊದಲ ಸಲ ಎಲ್ಲರಿಗೂ ನಗು ಬರುತ್ತದೆ. ಎರಡನೇ ದಿನ ಯಾರೂ ನಗುವುದಿಲ್ಲ, ಕೇಳುತ್ತಾ ನಿಂತಿರುತ್ತಾರೆ.

ಲೈಟ್ ಬಾಡಿಗೆಗೆ ತರಬೇಕಾ?

ಬೇಡ. ಎರಡು ಬಿಳಿ ಥರ್ಮಾಕೋಲ್ ಹಾಳೆ, ಒಂದು ಕಪ್ಪು ಕಂಬಳಿ, ಒಂದು ಹಳೆಯ ಕನ್ನಡಿ. ನಮ್ಮ ಲೈಟಿಂಗ್ ಸಾಮಾನು ಇಷ್ಟೇ.

ಕನ್ನಡಿ ಅಂದರೆ ಹಗುರವಾಗಿ ನೋಡಬೇಡಿ. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕ್ಯಾಮರಾ ಕಲಿತವರು. ಮುಂದೆ ಬೊಂಬಾಯಿಗೆ ಹೋಗಿ, ಒಂದು ಹಾಡಿಗೆ ಹೊರಗಿನ ಬಿಸಿಲನ್ನು ಕನ್ನಡಿಯಿಂದ ಸ್ಟುಡಿಯೋ ಒಳಕ್ಕೆ ತಿರುಗಿಸಿ ಬೆಳಕಿನ ಕೋಲನ್ನು ಮೂಡಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿನದ್ದು. ಶಿರಸಿ ಕಡೆಯ ಹಳೆಯ ಮನೆಗಳಲ್ಲಿ ಹೆಂಚಿನ ನಡುವೆ ಬೆಳಕಿಗೆ ಒಂದು ಗಾಜಿನ ಹೆಂಚು ಇಟ್ಟಿರುತ್ತಾರಲ್ಲ, ಅದರಿಂದ ಅಡುಗೆಮನೆಯ ಹೊಗೆಯಲ್ಲಿ ಇಳಿಯುವ ಬಿಸಿಲಿನ ಕೋಲನ್ನು ಎಷ್ಟು ಸಲ ನೋಡಿದ್ದೀರಿ? ಅಲ್ಲೇ ಒಬ್ಬರನ್ನು ಕೂರಿಸಿ. ಮುಖದ ಕತ್ತಲೆ ಬದಿಗೆ ಥರ್ಮಾಕೋಲ್ ಹಿಡಿಯಿರಿ, ಹತ್ತಿರ ತನ್ನಿ, ದೂರ ಒಯ್ಯಿರಿ. ಕೆನ್ನೆ ಮೇಲೆ ಬೆಳಕು ಏರುವುದು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಲೈಟಿಂಗ್ ಪಾಠ ಅಲ್ಲಿಂದ ಶುರು.

ಕಡಲತೀರದಲ್ಲಿ ಒಂದು ಸುಲಭ ಲೆಕ್ಕ ನೆನಪಿಡಿ. ನಮ್ಮ ಕಡಲು ಪಶ್ಚಿಮಕ್ಕೆ. ಕಡಲನ್ನು ಬೆನ್ನಿಗೆ ಹಾಕಿಕೊಂಡು ನಿಂತವರ ಮುಖಕ್ಕೆ ಬೆಳಿಗ್ಗೆ ಬಿಸಿಲು ಬೀಳುತ್ತದೆ, ಸಂಜೆ ಬೆನ್ನಿಗೆ. ಮುಖ ಮುಖ್ಯವಾದರೆ ಬೆಳಿಗ್ಗೆ ಹೋಗಿ, ಆಕಾರ ಮಾತ್ರ ಸಾಕಾದರೆ ಸಂಜೆ. ಬೆಳಿಗ್ಗೆ ಘಟ್ಟ ದಾಟಿ ಬಿಸಿಲು ಬರಲು ಕ್ಯಾಲೆಂಡರಿನ ಹೊತ್ತಿಗಿಂತ ಸ್ವಲ್ಪ ತಡವೂ ಆಗುತ್ತದೆ, ಅಷ್ಟರಲ್ಲಿ ತಯಾರಿ ಮುಗಿಸಿಕೊಳ್ಳಬಹುದು. 11ರಿಂದ 3ರ ತನಕ ಮರಳಿನ ಮೇಲೆ ಶೂಟಿಂಗ್ ಇಟ್ಟುಕೊಳ್ಳಲೇಬೇಡಿ. ಆ ಹೊತ್ತಿಗೆ ಊಟ, ಎಡಿಟಿಂಗ್.

ಇನ್ನೊಂದು, ಹೆಜ್ಜೆ ಗುರುತು. ಮರಳಿನಲ್ಲಿ ಒಬ್ಬನೇ ನಡೆದು ಬರುವ ದೃಶ್ಯ ಅಂತ ಇಟ್ಟುಕೊಂಡು, ಎರಡನೇ ಟೇಕ್ ಹೊತ್ತಿಗೆ ಹಿಂದೆ ಆರು ಜನರ ಹೆಜ್ಜೆ ಇರುತ್ತದೆ. ಸ್ವಚ್ಛ ಮರಳು ಬೇಕಾದ ಶಾಟನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ನಾಳೆ ಅದೇ ಹೊತ್ತಿಗೆ ಬಂದರೆ ನೀರು ಅದೇ ಜಾಗದಲ್ಲಿ ಇರುವುದಿಲ್ಲ, ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಮಳೆಗಾಲದಲ್ಲೂ ಶಿಬಿರ ಇರುತ್ತದಾ?

ಇರುತ್ತದೆ. ನನಗೆ ಮಳೆಗಾಲವೇ ಇಷ್ಟ. ಮೋಡದ ಬೆಳಕು ಇಡೀ ದಿನ ಒಂದೇ ಸಮ ಇರುತ್ತದೆ, ಹೊಸಬರಿಗೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಬೋಟು ಕಡಲಿಗೆ ಹೋಗುವ ಕಥೆ ಇದ್ದರೆ ಆ ಎರಡು ತಿಂಗಳು ಆಗದು. ಆದರೆ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ಹೊಲಿಯುವವರು, ಬಣ್ಣ ಹಚ್ಚುವವರು ಮಾತಿಗೆ ಸಿಗುತ್ತಾರೆ. ಉಳಿದ ತಿಂಗಳಲ್ಲಿ ಅವರಿಗೆ ನಿಂತು ಮಾತಾಡಲು ಪುರುಸೊತ್ತೇ ಇರುವುದಿಲ್ಲ.

ಸಾಮಾನಿನ ಬಗ್ಗೆ ಮಾತ್ರ ಎಚ್ಚರ. ಮಳೆ ನೀರಿಗಿಂತ ತೇವ ಕೆಟ್ಟದ್ದು. ಲೆನ್ಸನ್ನು ಬಟ್ಟೆ ಬ್ಯಾಗಿನಲ್ಲಿ ಇಟ್ಟು ಕಪಾಟಿನಲ್ಲಿ ಮರೆತರೆ ಆಗಸ್ಟ್ ಹೊತ್ತಿಗೆ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಸಾಕು. ನೀಲಿ ಇದ್ದದ್ದು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಏಸಿ ಕೋಣೆಯಿಂದ ಕಾರವಾರದ ಸೆಕೆಗೆ ಹೊರಟರೆ ಲೆನ್ಸಿಗೆ ಮಂಜು ಹಿಡಿಯುತ್ತದೆ. ಒರೆಸಲು ಹೋಗಬೇಡಿ. ಬ್ಯಾಗಿನಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಡ್ರೋನ್ ಕಲಿಸುತ್ತೀರಾ?

ಇಲ್ಲ. ಕಾರವಾರದಲ್ಲಿ ಕದಂಬ ನೌಕಾನೆಲೆ ಇದೆ, ಆ ಕಡೆ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಒಳಗಿನ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ ಅಂತ ಇದೆ, ನಿಜ. ಅದರ ಅರ್ಥ ಎಲ್ಲಿ ಬೇಕಾದರೂ ಹಾರಿಸಬಹುದು ಅಂತ ಅಲ್ಲ. ಹಾರಾಟ ನಿಷೇಧಿಸಿದ ಕೆಂಪು ವಲಯದಲ್ಲಿ ಸರ್ಕಾರದ ಒಪ್ಪಿಗೆ ಇಲ್ಲದೆ ಹಾರಿಸಿದರೆ ಎಷ್ಟು ಸಣ್ಣದಾದರೂ ಅಪರಾಧವೇ. ಹಾರಿಸುವವರು ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. ಅದೂ ಅಲ್ಲದೆ, ಮೂರು ನಿಮಿಷದ ಚಿತ್ರದಲ್ಲಿ ಆಕಾಶದಿಂದ ನೋಡುವಂಥದ್ದು ಏನೂ ಇರುವುದಿಲ್ಲ.

ಎಲ್ಲಿ ಬೇಕಾದರೂ ಶೂಟ್ ಮಾಡಬಹುದಾ?

ಮನೆ, ತೋಟ, ಅಂಗಡಿ ಆದರೆ ಯಜಮಾನರನ್ನು ಕೇಳಿದರೆ ಮುಗಿಯಿತು. ಕಾಡಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಬನವಾಸಿಯ ಮಧುಕೇಶ್ವರ, ಮಿರ್ಜಾನ ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿವೆ, ಟ್ರೈಪಾಡ್ ಇಟ್ಟ ಕೂಡಲೇ ಕಾವಲಿನವರು ಬರುತ್ತಾರೆ. ಅನುಮತಿಗೆ ದಿನಗಳು ಬೇಕು, ಶಿಬಿರಕ್ಕೆ ಇರುವುದು ಎರಡೇ ದಿನ. ಹಾಗಾಗಿ ನಾವು ಮೊದಲೇ ಮಾತಾಡಿಟ್ಟ ಮನೆ, ತೋಟ, ಬಂದರಿನಲ್ಲೇ ಮಾಡಿಸುತ್ತೇವೆ.

ಜನರ ಮುಖ ಹಿಡಿಯುವಾಗ ಕೇಳಿಯೇ ಹಿಡಿಯಿರಿ. ಮೀನು ಪೇಟೆಯಲ್ಲಿ ಹೆಂಗಸರು ಬೇಡ ಅಂದರೆ ಬೇಡ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೆ ಕಣ್ಣಿಗೆ ಹೊಡೆಯುವ ಲೈಟ್ ಹಾಕಲೇಬೇಡಿ.

ನಾನು ಯಕ್ಷಗಾನ, ನಾಟಕ ಮಾಡಿದವನು. ಕ್ಯಾಮರಾ ಎದುರು ಆದೀತಾ?

ಆದೀತು, ಬಹಳ ಚೆನ್ನಾಗೇ ಆದೀತು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಜಿಲ್ಲೆ ಇದು. ತಾಳ, ನಿಲುವು, ಇನ್ನೊಬ್ಬರ ಮಾತಿಗೆ ಕಾಯುವ ತಾಳ್ಮೆ ನಿಮಗೆ ಆಗಲೇ ಬಂದಿರುತ್ತದೆ. ಬದಲಾಗಬೇಕಾದದ್ದು ಅಳತೆ. ರಂಗದ ಮೇಲೆ ಬಯಲಿನ ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರಿಗೂ ಸಿಟ್ಟು ಮುಟ್ಟಬೇಕು. ಕ್ಯಾಮರಾ ಎರಡು ಅಡಿ ದೂರದಲ್ಲಿದೆ, ಅದಕ್ಕೆ ರೆಪ್ಪೆ ಬಡಿದರೂ ಗೊತ್ತಾಗುತ್ತದೆ. ನಾವು ಮಾಡಿಸುವುದು ಹೀಗೆ. ಅದೇ ಮಾತನ್ನು ಮೊದಲು ಅಂಗಳದ ಆಚೆ ನಿಂತವರಿಗೆ ಹೇಳಿ, ಆಮೇಲೆ ಎದುರು ಕೂತವರಿಗೆ, ಕೊನೆಗೆ ಪಕ್ಕದಲ್ಲಿ ಮಲಗಿದ ಮಗುವಿಗೆ ಎಚ್ಚರ ಆಗದ ಹಾಗೆ. ಮೂರನೆಯದ್ದನ್ನು ಶೂಟ್ ಮಾಡುತ್ತೇವೆ.

ಹೆಣ್ಣುಮಕ್ಕಳನ್ನು ಕಳಿಸಬಹುದಾ?

ತಂದೆ ತಾಯಿ ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. ಹೊರಗಿನ ಕೆಲಸ ಕತ್ತಲಾಗುವ ಮೊದಲು ಮುಗಿಯುತ್ತದೆ. ಭಾನುವಾರದ ಪ್ರದರ್ಶನಕ್ಕೆ ನೀವೇ ಬನ್ನಿ, ಜೊತೆಗೆ ಕರೆದುಕೊಂಡು ಹೋಗಬಹುದು. ಉಳಿಯುವವರಿಗೆ ಮನೆಗಳಲ್ಲಿ ವ್ಯವಸ್ಥೆ ಇದೆ, ಯಾರ ಮನೆ ಅಂತ ಮೊದಲೇ ತಿಳಿಸುತ್ತೇವೆ.

ಇನ್ನೊಂದು ಮಾತು. ತಂಡದಲ್ಲಿ ಕೆಲಸ ಸರದಿ ಮೇಲೆ. ಬಿಟ್ಟರೆ ಹುಡುಗರು ಕ್ಯಾಮರಾ ಹಿಡಿಯುತ್ತಾರೆ, ಹುಡುಗಿಯರು ಬಟ್ಟೆ ಮತ್ತು ಪಟ್ಟಿ ನೋಡಿಕೊಳ್ಳುತ್ತಾರೆ. ಹಾಗೆ ಆಗಲು ನಾವು ಬಿಡುವುದಿಲ್ಲ. ಪ್ರತಿಯೊಬ್ಬರೂ ಒಂದು ಸಲ ಕ್ಯಾಮರಾ, ಒಂದು ಸಲ ಧ್ವನಿ, ಒಂದು ಸಲ ನಿರ್ದೇಶನ ಮಾಡಲೇಬೇಕು.

ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್? ಲ್ಯಾಪ್‌ಟಾಪ್ ಬೇಕಾ?

ತಂಡಕ್ಕೆ ಒಂದು ಲ್ಯಾಪ್‌ಟಾಪ್ ನಾವು ಕೊಡುತ್ತೇವೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕಲಿಸುತ್ತೇವೆ. ಕಲಿಯುವವರಿಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ನಿಮ್ಮದೇ ತರುವುದಾದರೆ 16 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು.

ಫೋನ್‌ನಲ್ಲಿ ತೆಗೆದವರಿಗೆ ಒಂದು ಎಚ್ಚರಿಕೆ. ಕೆಲವು ಫೋನ್‌ಗಳು ಬೆಳಕು ಕಡಿಮೆಯಾದಾಗ ಫ್ರೇಮಿನ ಲೆಕ್ಕವನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ. ಎಡಿಟ್ ಮಾಡುವಾಗ ಮಾತು ಮತ್ತು ತುಟಿ ನಿಧಾನವಾಗಿ ತಪ್ಪುತ್ತಾ ಹೋಗುತ್ತವೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದೇ ಲೆಕ್ಕಕ್ಕೆ ತಂದುಕೊಂಡು ಆಮೇಲೆ ಎಡಿಟ್ ಶುರು ಮಾಡಿ.

ಬಟನ್ ಯಾವುದು ಅಂತ ಕಲಿಯಲು ಎರಡು ಗಂಟೆ ಸಾಕು. ಉಳಿದ ಹೊತ್ತು ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ. ಒಂದು ಉದಾಹರಣೆ. ರಾತ್ರಿ ಮನೆಯ ಹೊರಗಿನ ಶಾಟ್, ಒಂದು ಕಿಟಕಿಯಲ್ಲಿ ಬೆಳಕು. ಕಟ್. ಒಳಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರು. ಈಗ ಆ ಸುಲಿಯುವ ಟಕ್ ಟಕ್ ಸದ್ದನ್ನು ಎರಡು ಸೆಕೆಂಡು ಹಿಂದಕ್ಕೆ, ಹೊರಗಿನ ಶಾಟಿನ ಕೊನೆಗೆ ಎಳೆಯಿರಿ. ಮನೆ ಕಾಣುತ್ತಿರುವಾಗಲೇ ಸದ್ದು ಶುರುವಾಗುತ್ತದೆ. ನೋಡುವವರು ತಾವೇ ಕಿವಿಗೊಟ್ಟು ಒಳಗೆ ಹೋದ ಹಾಗೆ ಆಗುತ್ತದೆ. ಚಿತ್ರಕ್ಕೆ ಏನೂ ಮಾಡಿಲ್ಲ, ಧ್ವನಿ ಮಾತ್ರ ಸರಿಸಿದ್ದು.

ಕಾರ್ಡಿನಲ್ಲಿದ್ದದ್ದನ್ನು ಎರಡು ಕಡೆ ಹಾಕಿಕೊಂಡು, ತೆರೆದು ನೋಡಿದ ಮೇಲೆಯೇ ಅಳಿಸಿ. ಒಂದು ತಂಡದ ಇಡೀ ಬೆಳಗಿನ ಕೆಲಸ ನನ್ನ ಕೈಯಲ್ಲೇ ಹೋಗಿದೆ. ಕಾಪಿ ಆಗಿದೆ ಅಂತ ಯಾರೋ ಅಂದರು, ನಾನು ಅಳಿಸಿದೆ. ಅಳುವ ಮುಖ ಮಾಡಿಕೊಂಡು ಮತ್ತೆ ತೋಟಕ್ಕೆ ಹೋದ ಆ ನಾಲ್ವರನ್ನು ನಾನು ಮರೆತಿಲ್ಲ.

ಪ್ರದರ್ಶನ ಬೇಡ, ನಾಚಿಕೆ ಆಗುತ್ತದೆ. ಬಿಟ್ಟರೆ ಆಗುತ್ತದಾ?

ದಯವಿಟ್ಟು ಬಿಡಬೇಡಿ. ಒಂದು ಚಿತ್ರದಲ್ಲಿ ಮಗ ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಾನೆ, ಮುಂದಿನ ಶಾಟಿನಲ್ಲಿ ಬಾವಿ ಹತ್ತಿರ ಇರುತ್ತಾನೆ. ತಂಡಕ್ಕೆ ಎಲ್ಲ ಸರಿ ಅನಿಸಿತ್ತು. ಪ್ರದರ್ಶನದ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ "ಅವ ಎಲ್ಲಿಗೆ ಹೋದ?" ಅಂತ ಪಕ್ಕದವರನ್ನು ಕೇಳಿದರು. ಅವನು ಎಡಕ್ಕೆ ಹೊರಟವನು ಮುಂದಿನ ಶಾಟಿನಲ್ಲಿ ಎಡದಿಂದಲೇ ಒಳಗೆ ಬಂದಿದ್ದ. ವಾಪಸ್ ಬಂದ ಅಂತ ಅಜ್ಜಿಗೆ ಅನಿಸಿತ್ತು. ದಿಕ್ಕಿನ ನಿಯಮವನ್ನು ನಾವು ಬೆಳಿಗ್ಗೆಯಷ್ಟೇ ಹಲಗೆ ಮೇಲೆ ಗೆರೆ ಎಳೆದು ಹೇಳಿದ್ದೆವು. ತಂಡದವರಿಗೆ ಅದು ಹೊಳೆದದ್ದು ಅಜ್ಜಿ ಕೇಳಿದ ಮೇಲೆ.

ಸಿನಿಮಾ ಹಾಡು ಹಾಕಬಹುದಾ?

ಬೇಡ. ಹಕ್ಕು ಅವರದ್ದು. ಊರಲ್ಲಿ ಹಾಡುವವರಿದ್ದಾರೆ, ಕೇಳಿ ರೆಕಾರ್ಡ್ ಮಾಡಿ, ಹೆಸರು ಹಾಕಿ.

ಸರ್ಟಿಫಿಕೇಟ್ ಸಿಗುತ್ತದಾ?

ಇಲ್ಲ. ಚಿತ್ರದ ಕೊನೆಯಲ್ಲಿ ನಿಮ್ಮ ಹೆಸರು ಇರುತ್ತದೆ, ಅದರ ಒಂದು ಪ್ರತಿ ಸಿಗುತ್ತದೆ.

ಶುಲ್ಕ ಎಷ್ಟು?

ಊಟ, ಚಹಾ, ಜಾಗದ ಬಾಡಿಗೆ, ಹಾರ್ಡ್‌ಡಿಸ್ಕ್ ಎಲ್ಲ ಸೇರಿದ ಖರ್ಚನ್ನು 12ರಿಂದ ಭಾಗಿಸುತ್ತೇವೆ. ಊರಿಂದ ಊರಿಗೆ ಹೆಚ್ಚು ಕಡಿಮೆ ಆಗುತ್ತದೆ. ಕೊಡಲು ಕಷ್ಟ ಅನ್ನುವವರು ಸಂಕೋಚ ಇಲ್ಲದೆ ಹೇಳಿ, ಪ್ರತಿ ಸಲ ಎರಡು ಜಾಗ ಅದಕ್ಕೇ ಇಟ್ಟಿದೆ.

ಇಲ್ಲಿಂದ ಮುಂದೆ?

ಮುಂದಿನ ತಿಂಗಳೊಳಗೆ ಇನ್ನೊಂದು ಚಿತ್ರ ಮುಗಿಸಿ. ಅದೇ ತಂಡ ಆದರೂ ಸರಿ, ಒಬ್ಬರೇ ಆದರೂ ಸರಿ. ತಡವಾದರೆ ಕಲಿತದ್ದು ಕೈಬಿಡುತ್ತದೆ.

ವರ್ಷಗಟ್ಟಲೆ ಓದುವ ಮನಸ್ಸಿದ್ದರೆ ಪುಣೆಯಲ್ಲಿ ಎಫ್‌ಟಿಐಐ ಅನ್ನುವ ಸಿನಿಮಾ ಮತ್ತು ಟಿವಿ ಶಿಕ್ಷಣ ಸಂಸ್ಥೆ ಇದೆ, 1960ರಿಂದ ನಡೆಯುತ್ತಿದೆ. ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಹೆಸರಿನ ಸಂಸ್ಥೆ ಇದೆ, ಹೆಸರಘಟ್ಟದಲ್ಲಿ ಸರ್ಕಾರಿ ಸಿನಿಮಾ ಮತ್ತು ಟಿವಿ ಸಂಸ್ಥೆ ಇದೆ. ನಮಗೆ ಹತ್ತಿರದ್ದು ಅಂದರೆ ಜಿಲ್ಲೆಯ ಗಡಿಯಾಚೆ ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಶುರುವಾದ ನೀನಾಸಂ ಹೆಚ್ಚಾಗಿ ನಾಟಕಕ್ಕೆ ಹೆಸರಾಗಿದೆ. ಆದರೆ ಕೆ.ವಿ. ಸುಬ್ಬಣ್ಣನವರು ಆ ಹಳ್ಳಿಯಲ್ಲಿ ಜಗತ್ತಿನ ಸಿನಿಮಾ ತೋರಿಸಿ, ಸಿನಿಮಾ ನೋಡುವುದು ಹೇಗೆ ಅಂತ ಶಿಬಿರಗಳನ್ನೂ ನಡೆಸಿದ್ದರು. ತೋಟದ ಕೆಲಸ ಮುಗಿಸಿ ಬಂದವರು ಕೂತು ಹೊರದೇಶದ ಚಿತ್ರ ನೋಡಿ ಚರ್ಚೆ ಮಾಡಿದ ಸೀಮೆ ಅದು. ಮಾಡುವಷ್ಟೇ ನೋಡಿ ಕೂಡ.

ಬರುವಾಗ ಏನೇನು ತರಬೇಕು?

ಫೋನ್, ಚಾರ್ಜರ್, ಖಾಲಿ ಜಾಗ. 4ಕೆಯಲ್ಲಿ ತೆಗೆದರೆ ನಿಮಿಷಕ್ಕೆ ನೂರಾರು ಎಂಬಿ ತಿನ್ನುತ್ತದೆ, ನಮಗೆ 1080 ಸಾಕು, ಆದರೂ 20 ಜಿಬಿ ಖಾಲಿ ಇಟ್ಟುಕೊಳ್ಳಿ. ಕಿವಿಗೆ ಹಾಕುವ ವೈರಿನ ಇಯರ್‌ಫೋನ್. ಒಂದು ನೋಟ್‌ಬುಕ್. ಟೋಪಿ, ನೀರಿನ ಬಾಟಲಿ. ಶಿರಸಿಗೆ ರೈಲಿಲ್ಲ, ದೂರದಿಂದ ಬರುವವರು ಕುಮಟಾ ಅಥವಾ ಹಾವೇರಿಯಲ್ಲಿ ಇಳಿದು ಬಸ್ ಹಿಡಿಯಿರಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ತೆರೆದಿದೆಯಾ ಅಂತ ಒಂದು ಸಲ ವಿಚಾರಿಸಿಕೊಂಡೇ ಹೊರಡಿ. ಕಾರವಾರಕ್ಕೆ ಬರುವವರು ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ. ರಂಪಣಿ ಬಲೆ ಎಳೆಯುವುದನ್ನು ಶೂಟ್ ಮಾಡಲು ಹೋದವರನ್ನು ಅಲ್ಲಿಯವರು ಹಗ್ಗ ಹಿಡಿಯಲು ಕರೆಯುತ್ತಾರೆ. ಕರೆದರೆ ಫೋನನ್ನು ಗೆಳೆಯರ ಕೈಗೆ ಕೊಟ್ಟು ಹೋಗಿ ಎಳೆಯಿರಿ.